ಕೆಂಪು ನಿಲುವಂಗಿ ನೋಡಿದ್ದಾಯಿತು, ಇನ್ನು ರಿಜಿಸ್ಟರ್ ಓದೋಣ

ಮಾನ್ಯ ಸಂಪಾದಕರೇ,

ಡಿಸ್ಟೋಪಿಯನ್ ಕಾದಂಬರಿ, ಅಂದರೆ ಕೆಟ್ಟುಹೋದ ಲೋಕವೊಂದನ್ನು ಕಲ್ಪಿಸುವ ಕಾದಂಬರಿ, ಮತ್ತು ಹೆಣ್ಣಿನ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ನಮ್ಮ ಪುರವಣಿಗಳಲ್ಲಿ ಒಂದೇ ಚಿತ್ರ ಕಾಣಿಸುತ್ತದೆ: ಕೆಂಪು ನಿಲುವಂಗಿ, ಮುಖ ಮರೆಸುವ ಬಿಳಿ ಟೊಪ್ಪಿಗೆ, ತಲೆ ತಗ್ಗಿಸಿ ನಡೆಯುವ ಹೆಂಗಸರ ಸಾಲು. ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಪ್ರಕಟವಾದದ್ದು 1985ರಲ್ಲಿ. ಅಮೆರಿಕವನ್ನು ಕೆಡವಿ ಮತಾಂಧರು ಕಟ್ಟಿದ ಗಿಲಿಯಡ್ ಎಂಬ ದೇಶದಲ್ಲಿ, ಆಳುವ ಕಮಾಂಡರುಗಳಿಗೆ ಮಕ್ಕಳನ್ನು ಹೆತ್ತುಕೊಡಲೆಂದೇ ಇಟ್ಟ ಕೆಂಪುಡುಗೆಯ ಹೆಂಗಸರಲ್ಲಿ ಒಬ್ಬಳ ಕಥೆ ಅದು. 2017ರ ಟಿವಿ ಸರಣಿಯಿಂದ ಅದರ ವೇಷ ಜಗತ್ತಿಗೇ ಪರಿಚಯವಾಯಿತು. ಅದೇ ವರ್ಷ ಟೆಕ್ಸಾಸ್ ಸೆನೆಟ್ಟಿನ ಗ್ಯಾಲರಿಯಲ್ಲಿ, ಮರುವರ್ಷ ಅರ್ಜೆಂಟೀನದ ಬೀದಿಗಳಲ್ಲಿ, ಗರ್ಭಪಾತದ ಹಕ್ಕಿಗಾಗಿ ಹೆಂಗಸರು ಆ ಬಟ್ಟೆ ತೊಟ್ಟು ನಿಂತರು. ಆ ವೇಷಕ್ಕಿರುವ ಬಲವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಚಿತ್ರ ನೋಡಿಯೇ ಪುಸ್ತಕ ಓದಿದಷ್ಟು ತೃಪ್ತಿಪಟ್ಟುಕೊಳ್ಳುವವರು ಹೆಚ್ಚಾಗಿದ್ದಾರೆ. ಹೆಣ್ಣನ್ನು ಕಟ್ಟಿಹಾಕುವ ಕೆಲಸ ಆ ಕಾದಂಬರಿಯಲ್ಲಿ ನಡೆಯುವುದು ಬಹುಮಟ್ಟಿಗೆ ಕಚೇರಿಯಲ್ಲಿ. ಖಾತೆ, ಪಾಸು, ಚೀಟಿ, ತಿಂಗಳ ತಪಾಸಣೆ, ಯಾರ ಹೆಸರಿನ ಮುಂದೆ ಏನು ಬರೆಯಬೇಕು ಎಂಬ ನಿಯಮ. ಇವನ್ನು ಬಿಟ್ಟು ಓದಿದರೆ ಅದು ಯಾವುದೋ ದೂರದ ದೇಶದ ಮತಾಂಧರ ಕಥೆಯಾಗಿ ಉಳಿದುಬಿಡುತ್ತದೆ.

28ನೇ ಅಧ್ಯಾಯ ತೆಗೆಯಿರಿ. ಅಮೆರಿಕದ ಅಧ್ಯಕ್ಷರನ್ನೂ ಸಂಸತ್ತಿನ ಸದಸ್ಯರನ್ನೂ ಗುಂಡಿಟ್ಟು ಕೊಂದಾಗಿದೆ. ಸಂವಿಧಾನ ಅಮಾನತಿನಲ್ಲಿದೆ, ತಾತ್ಕಾಲಿಕ ಎಂದು ಹೇಳಿದ್ದಾರೆ. ಪತ್ರಿಕೆಗಳಿಗೆ ಸೆನ್ಸಾರ್ ಬಂದಿದೆ, ರಸ್ತೆಯಲ್ಲಿ ತಡೆ ಬಂದಿದೆ, ಗುರುತಿನ ಪಾಸು ಬಂದಿದೆ. ಜನ ರಾತ್ರಿ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದಾರೆ. ಹೀಗಿರುವಾಗ ಒಂದು ದಿನ ನಾಯಕಿ ಮೂಲೆಯಂಗಡಿಗೆ ಸಿಗರೇಟು ಕೊಳ್ಳಲು ಹೋಗುತ್ತಾಳೆ. ದಿನಾ ಕೂರುತ್ತಿದ್ದ ಹೆಂಗಸಿಲ್ಲ, ಅವಳ ಜಾಗದಲ್ಲಿ ಒಬ್ಬ ಯುವಕ. ಇವಳ ಖಾತೆ ನಂಬರನ್ನು ಯಂತ್ರ ಒಪ್ಪುವುದಿಲ್ಲ. ಖಾತೆಯಲ್ಲಿ ಸಾವಿರಾರು ಡಾಲರ್ ಇದೆ ಎಂದು ಅವಳಿಗೆ ಗೊತ್ತು. ಬ್ಯಾಂಕಿಗೆ ಫೋನ್ ಮಾಡಿದರೆ ಲೈನ್ ಸಿಗುವುದಿಲ್ಲ. ಮಧ್ಯಾಹ್ನ ಅವಳು ಕೆಲಸ ಮಾಡುವ ಗ್ರಂಥಾಲಯದ ನಿರ್ದೇಶಕ ಬಂದು, ನೀವೆಲ್ಲ ಹೊರಡಬೇಕು, ಕಾನೂನು ಬಂದಿದೆ ಎನ್ನುತ್ತಾನೆ. ಹೊರಗೆ ಬಂದೂಕು ಹಿಡಿದವರು ನಿಂತಿದ್ದಾರೆ. ಆಮೇಲೆ ಗೆಳತಿ ಮೊಯ್ರಾ ಬಂದು ಬಿಡಿಸಿ ಹೇಳುತ್ತಾಳೆ. ಹೆಣ್ಣು ಎಂದು ಗುರುತು ಹಾಕಿದ್ದ ಖಾತೆಗಳನ್ನೆಲ್ಲ ಒಟ್ಟಿಗೆ ಮುಚ್ಚಿದ್ದಾರೆ, ಅದಕ್ಕೆ ಕೆಲವು ಗುಂಡಿ ಒತ್ತಿದರೆ ಸಾಕಾಗಿತ್ತು. ಹಣ ಎಲ್ಲೂ ಹೋಗಿಲ್ಲ. ಗಂಡನೋ ಹತ್ತಿರದ ಗಂಡು ಸಂಬಂಧಿಯೋ ಅದನ್ನು ಬಳಸಬಹುದು.

ಲೇಖಕಿ ಇಲ್ಲಿ ಎರಡು ತಾಂತ್ರಿಕ ಸಂಗತಿಗಳನ್ನು ಇಟ್ಟಿದ್ದಾರೆ. ಓದುವಾಗ ಸುಲಭವಾಗಿ ತಪ್ಪಿಹೋಗುತ್ತವೆ. ಒಂದು: ಕಾದಂಬರಿಯ ಆ ಲೋಕದಲ್ಲಿ ನೋಟು ನಾಣ್ಯ ಆಗಲೇ ಚಲಾವಣೆಯಿಂದ ಹೋಗಿವೆ, ಎಲ್ಲವೂ ಕಂಪ್ಯೂಟರಿನ ಲೆಕ್ಕ. ಕೈಯಲ್ಲಿ ಹಿಡಿಯುವ ದುಡ್ಡು ಇದ್ದಿದ್ದರೆ ಹೀಗೆ ಒಂದೇ ಏಟಿಗೆ ಮಾಡಲು ಕಷ್ಟವಾಗುತ್ತಿತ್ತು ಎಂದು ನಾಯಕಿಯೇ ನೆನೆಯುತ್ತಾಳೆ. ಎರಡು: ಖಾತೆಯನ್ನೂ ಕೆಲಸವನ್ನೂ ಒಂದೇ ದಿನ ಕಸಿಯಲೇಬೇಕಿತ್ತು, ಇಲ್ಲದಿದ್ದರೆ ವಿಮಾನ ನಿಲ್ದಾಣಗಳ ಗತಿ ಊಹಿಸಿಕೋ ಎನ್ನುತ್ತಾಳೆ ಮೊಯ್ರಾ. ಸಂಬಳ ನಿಂತು ಖಾತೆ ಉಳಿದರೆ ಹೆಂಗಸರು ಟಿಕೆಟ್ ಕೊಂಡು ಗಡಿ ದಾಟುತ್ತಾರೆ. ಖಾತೆ ಮುಚ್ಚಿ ಸಂಬಳ ಉಳಿದರೆ ಹತ್ತು ದಿನದಲ್ಲಿ ಬೇರೆ ದಾರಿ ಹುಡುಕುತ್ತಾರೆ. ಎರಡೂ ಒಟ್ಟಿಗೆ ಹೋದಾಗ ಮಾತ್ರ ಮನೆಯ ಗಂಡಸಿನ ಕೈ ನೋಡದೆ ಬೇರೆ ದಾರಿಯಿಲ್ಲ. ಇಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲ್ಲಾಡಿಸಿದವನು ಬಂದೂಕಿನವನಲ್ಲ, ಗಂಡ ಲ್ಯೂಕ್. ಅವನು ಒಳ್ಳೆಯವನು. ನಾನು ನಿನ್ನನ್ನು ನೋಡಿಕೊಳ್ಳುತ್ತೇನಲ್ಲ ಎಂದು ಸಮಾಧಾನ ಹೇಳುತ್ತಾನೆ. ಆ ಸಮಾಧಾನದಲ್ಲಿಯೇ ಅವಳಿಗೆ ಗೊತ್ತಾಗುತ್ತದೆ, ನಿನ್ನೆಯವರೆಗೆ ಇಬ್ಬರೂ ಒಬ್ಬರಿಗೊಬ್ಬರಾಗಿದ್ದರು, ಇವತ್ತು ಅವಳು ಅವನ ವಸ್ತು.

ಇದು ಬರೀ ಕಲ್ಪನೆ ಎನ್ನುವವರಿಗೆ ಕೆಲವು ಇಸವಿಗಳನ್ನು ನೆನಪಿಸಬೇಕು. ಫ್ರಾನ್ಸಿನಲ್ಲಿ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಕಾನೂನು ಬಂದದ್ದು 1965ರ ಜುಲೈನಲ್ಲಿ. ಅಮೆರಿಕದಲ್ಲಿ ಸಾಲ, ಕ್ರೆಡಿಟ್ ಕಾರ್ಡ್ ಕೊಡುವಾಗ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡುವಂತಿಲ್ಲ ಎಂಬ ಕಾಯ್ದೆ 1974ರದು, ಈ ಕಾದಂಬರಿಗಿಂತ ಬರೀ 11 ವರ್ಷ ಹಿಂದಿನದು. ಐರ್ಲೆಂಡಿನಲ್ಲಿ ಮದುವೆಯಾದೊಡನೆ ಸರ್ಕಾರಿ ಕೆಲಸ ಬಿಡಬೇಕೆಂಬ ನಿಯಮ ಹೋದದ್ದು 1973ರಲ್ಲಿ. ಆಟ್‌ವುಡ್ ತಮಗೆ ತಾವೇ ಹಾಕಿಕೊಂಡ ಷರತ್ತು ಒಂದೇ: ಮನುಷ್ಯರು ಇತಿಹಾಸದಲ್ಲಿ ಎಲ್ಲಿಯೂ ಮಾಡಿರದ ಯಾವುದನ್ನೂ ಈ ಪುಸ್ತಕದೊಳಗೆ ಬಿಡಬಾರದು. 1984ರಲ್ಲಿ, ಗೋಡೆ ಇನ್ನೂ ಎದ್ದು ನಿಂತಿದ್ದ ಪಶ್ಚಿಮ ಬರ್ಲಿನ್ನಿನಲ್ಲಿ, ಬಾಡಿಗೆಯ ಟೈಪ್‌ರೈಟರಿನಲ್ಲಿ ಅವರು ಬರೆಯಲು ಕೂತಾಗ ಗಡಿಯಾಚೆಗೆ ಉದಾಹರಣೆಗಳಿಗೆ ಬರವಿರಲಿಲ್ಲ.

ನಮ್ಮಲ್ಲಿಯೂ ಇರಲಿಲ್ಲ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, ಸೇರಿದ್ದು 1949ರಲ್ಲಿ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರು ಬರೆದುಕೊಡಬೇಕಾಯಿತು. 1961ರ ಸೇವಾ ನಿಯಮಗಳನ್ನು ಓದಿದರೆ ಗಿಲಿಯಡ್ ದೇಶದ ಗುಮಾಸ್ತನೇ ಬರೆದಂತಿದೆ: ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ನಂತರ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತು ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು, ಮದುವೆಯಾದ ಹೆಣ್ಣಿಗೆ ನೇಮಕಾತಿ ಹಕ್ಕಾಗಿ ಸಿಗದು. ಗಂಡಸಿಗೆ ಇದ್ಯಾವುದೂ ಇಲ್ಲ. ಬಡ್ತಿ ತಪ್ಪಿಸಿದ್ದರ ವಿರುದ್ಧ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಮುತ್ತಮ್ಮನವರಿಗೆ ಬಡ್ತಿ ಸಿಕ್ಕಿದ್ದರಿಂದ, ನಿಯಮಗಳನ್ನೂ ಸರ್ಕಾರ ಕೈಬಿಡುತ್ತಿದ್ದುದರಿಂದ, ಅರ್ಜಿ ಮಾತ್ರ ವಜಾ ಆಯಿತು. ಎರಡು ವರ್ಷ ಕಳೆದು ಏರ್ ಇಂಡಿಯಾ ಗಗನಸಖಿಯರ ಪ್ರಕರಣ ಬಂತು. 35 ವರ್ಷ ತುಂಬಿದರೆ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಬಸಿರಾದರೆ, ಯಾವುದು ಮೊದಲೋ ಅದಕ್ಕೆ ಕೆಲಸ ಹೋಗುತ್ತಿತ್ತು. ಬಸಿರಿನ ಷರತ್ತನ್ನು ಕೋರ್ಟ್ ಕಿತ್ತೊಗೆಯಿತು. ನಾಲ್ಕು ವರ್ಷದ ಷರತ್ತನ್ನು ಒಪ್ಪಿಕೊಂಡಿತು. ಡಿಸ್ಟೋಪಿಯನ್ ಕಾದಂಬರಿ ಪಾಠ ಮಾಡುವವರು ಈ ಎರಡು ತೀರ್ಪುಗಳನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಹುಡುಗಿಯರಿಗೆ 28ನೇ ಅಧ್ಯಾಯ ಆಗ ಬೇರೆಯೇ ಆಗಿ ಕೇಳಿಸುತ್ತದೆ.

ಇನ್ನು ಹೆಸರಿನ ವಿಷಯ. ಕನ್ನಡಕ್ಕೆ ತರಲು ಎಲ್ಲಕ್ಕಿಂತ ಕಷ್ಟದ ಪದ, ಎಲ್ಲಕ್ಕಿಂತ ಸುಲಭವಾಗಿ ಅರ್ಥವಾಗುವ ಪದವೂ ಹೌದು. ನಾಯಕಿಗೆ ‘ಆಫ್‌ಫ್ರೆಡ್’ ಎಂದು ಹೆಸರು. ಫ್ರೆಡ್ ಎಂಬ ಕಮಾಂಡರನಿಗೆ ಸೇರಿದವಳು ಎಂದಷ್ಟೇ ಅದರ ಅರ್ಥ. ಅವಳು ಬೇರೆ ಮನೆಗೆ ವರ್ಗವಾದರೆ ಈ ಹೆಸರು ಮುಂದೆ ಬರುವವಳಿಗೆ. ಗ್ಲೆನ್‌ಗೆ ಸೇರಿದವಳು ಒಂದು ದಿನ ಕಾಣೆಯಾಗುತ್ತಾಳೆ; ಮರುಸಲ ಪೇಟೆಗೆ ಹೊರಟಾಗ ಬೇರೊಬ್ಬಳು ಬಂದು ನಾನೇ ‘ಆಫ್‌ಗ್ಲೆನ್’ ಎನ್ನುತ್ತಾಳೆ. ನಮ್ಮ ಪಹಣಿಯಲ್ಲಿ, ಕ್ರಯಪತ್ರದಲ್ಲಿ, ‘ಲಕ್ಷ್ಮಮ್ಮ ಕೋಂ ರಾಮೇಗೌಡ’ ಎಂದು ಬರೆಯುವುದುಂಟಲ್ಲ, ಆ ‘ಕೋಂ’ ನೆನಪಿಸಿಕೊಳ್ಳಿ. ಲಕ್ಷ್ಮಮ್ಮ ಎಂಬುದನ್ನು ಅಳಿಸಿ ‘ಕೋಂ ರಾಮೇಗೌಡ’ ಎಂದಷ್ಟೇ ಉಳಿಸಿದರೆ ಅದೇ ಆಫ್‌ಫ್ರೆಡ್. ನಮ್ಮ ದಾಖಲೆಯಲ್ಲಿ ಕೊನೆಗೆ ಹೆಣ್ಣಿನ ಹೆಸರಾದರೂ ಮೊದಲಿರುತ್ತದೆ, ಜಮೀನೂ ಅವಳದೇ ಆಗಿರಬಹುದು. ಯಾವುದನ್ನು ಅಳಿಸಿದರೆ ಮನುಷ್ಯಳು ವಸ್ತುವಾಗುತ್ತಾಳೆ ಎಂಬುದು ಕನ್ನಡದ ಓದುಗರಿಗೆ ಈ ಒಂದು ಅಕ್ಷರದಲ್ಲಿ ಹೊಳೆಯುತ್ತದೆ, ಇಂಗ್ಲಿಷಿನವರಿಗೆ ಅಷ್ಟು ಬೇಗ ಹೊಳೆಯಲಾರದು.

ಓದು ಬರಹದ ನಿಷೇಧವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿ ಬೋರ್ಡಿನ ಅಕ್ಷರಗಳಿಗೆ ಬಣ್ಣ ಬಳಿದು ಚಿತ್ರ ಮಾತ್ರ ಬಿಟ್ಟಿದ್ದಾರೆ. ದಿನಸಿಗೆ ಕೊಡುವ ಚೀಟಿಯ ಮೇಲೂ ಮೊಟ್ಟೆ, ಚೀಸು ಇವುಗಳ ಚಿತ್ರ. ಹೆಣ್ಣು ಓದಿ ಮೂರನೇ ಸಲ ಸಿಕ್ಕಿಬಿದ್ದರೆ ಕೈ ಕತ್ತರಿಸುತ್ತಾರೆ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಅಪರಾಧ ಮಾಡಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಕಾನೂನುಗಳೇ ಇದರ ಮೂಲ. ಸೌತ್ ಕ್ಯಾರೊಲಿನಾದ ಕಾಯ್ದೆ 1740ರದು. ಆದರೆ ಆ ಗುಲಾಮರ ಮೊಮ್ಮಕ್ಕಳನ್ನು ಕಾದಂಬರಿ ಒಂದೆರಡು ವಾಕ್ಯದಲ್ಲಿ ದೂರದ ನಾರ್ತ್ ಡಕೋಟಕ್ಕೆ ಸಾಗಿಸಿ ಮರೆತುಬಿಡುತ್ತದೆ. ಕಪ್ಪು ಹೆಂಗಸರ ಮೈಮೇಲೆ ನಡೆದದ್ದನ್ನು ಬಿಳಿ ನಾಯಕಿಗೆ ತೊಡಿಸಿದ್ದಾರೆ ಎಂಬ ಟೀಕೆ ಸರಿಯಾದದ್ದೇ.

ಕಾದಂಬರಿಯ ಹಿಂದಿರುವ ಅತಿ ದೊಡ್ಡ ರಿಜಿಸ್ಟರ್ ರುಮೇನಿಯದ್ದು. ಅದನ್ನು ಸಾವಕಾಶವಾಗಿ ನೋಡಬೇಕು, ಏಕೆಂದರೆ ಇಂಥ ಯಂತ್ರ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಅಂಕಿಗಳು ಬೇರೆಡೆ ಸಿಗುವುದು ಕಡಿಮೆ. 1966ರ ಅಕ್ಟೋಬರಿನಲ್ಲಿ ಅಲ್ಲಿಯ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ 770ನೇ ಆಜ್ಞೆ ಹೊರಡಿಸಿತು. 45 ವರ್ಷ ದಾಟಿದವರು, ಆಗಲೇ ನಾಲ್ಕು ಮಕ್ಕಳನ್ನು ಹೆತ್ತವರು, ಅತ್ಯಾಚಾರಕ್ಕೆ ಒಳಗಾದವರು, ಪ್ರಾಣಾಪಾಯ ಇರುವವರು, ಹೀಗೆ ಕೆಲವರನ್ನು ಬಿಟ್ಟು ಯಾರಿಗೂ ಗರ್ಭಪಾತ ಇಲ್ಲ. ಗರ್ಭನಿರೋಧಕಗಳು ಅಂಗಡಿಯಿಂದ ಮಾಯವಾದವು. ಮಕ್ಕಳಿಲ್ಲದ 25 ದಾಟಿದವರಿಗೆ ಹೆಚ್ಚುವರಿ ತೆರಿಗೆ ಬಂತು. 1980ರ ದಶಕದಲ್ಲಿ ಕಾರ್ಖಾನೆಗೇ ವೈದ್ಯರು ಬಂದು ಹೆಂಗಸರ ಬಸಿರು ತಪಾಸಣೆ ಮಾಡತೊಡಗಿದರು, ಪತ್ತೆಯಾದ ಬಸಿರು ಹೆರಿಗೆಯವರೆಗೆ ತಲುಪಿತೇ ಎಂದು ನಿಗಾ ಇಟ್ಟರು. 1985ರಲ್ಲಿ ನಾಲ್ಕು ಮಕ್ಕಳ ವಿನಾಯಿತಿ ಐದಕ್ಕೆ ಏರಿತು.

ಮೊದಲ ವರ್ಷ ಆಜ್ಞೆ ಫಲಿಸಿದಂತೆ ಕಂಡಿತು. 1966ರಲ್ಲಿ ಸುಮಾರು 2.73 ಲಕ್ಷ ಇದ್ದ ಹೆರಿಗೆಗಳು 1967ರಲ್ಲಿ 5.27 ಲಕ್ಷಕ್ಕೆ ಹಾರಿದವು. ಸಾವಿರ ಜನಕ್ಕೆ 14.3 ಇದ್ದ ಜನನ ಪ್ರಮಾಣ 27.4 ಆಯಿತು. ಆಮೇಲೆ ಇಳಿಯತೊಡಗಿ 1983ರ ಹೊತ್ತಿಗೆ ಮತ್ತೆ 14.3ಕ್ಕೇ ಬಂದು ನಿಂತಿತು. ಹೆಂಗಸರು ಕದ್ದು ಮುಚ್ಚಿ ಗರ್ಭ ತೆಗೆಸಿಕೊಳ್ಳುವ ದಾರಿಗಳನ್ನು ಕಂಡುಕೊಂಡಿದ್ದರು. ಅದಕ್ಕೆ ಅವರು ತೆತ್ತ ಬೆಲೆ ಜೀವ. 1989ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸುಮಾರು 170 ತಾಯಂದಿರು ಸಾಯುತ್ತಿದ್ದರು, ಬಹುಪಾಲು ಸಾವು ಗರ್ಭಪಾತದ್ದು. ಹೆತ್ತು ಸಾಕಲಾಗದೆ ಬಿಟ್ಟ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿದ್ದರು. 1989ರ ಡಿಸೆಂಬರ್ 25ರಂದು ಚೌಷೆಸ್ಕುವನ್ನು ಗುಂಡಿಟ್ಟು ಕೊಂದರು. ಮರುದಿನವೇ ಹೊಸ ಸರ್ಕಾರ ಆ ಆಜ್ಞೆಯನ್ನು ರದ್ದು ಮಾಡಿತು. ಒಂದೇ ವರ್ಷದಲ್ಲಿ ತಾಯಂದಿರ ಸಾವು ಅರ್ಧಕ್ಕೆ ಇಳಿಯಿತು. ಕಾದಂಬರಿಯಲ್ಲಿ ಆಫ್‌ಫ್ರೆಡ್‌ಳನ್ನು ತಿಂಗಳಿಗೊಮ್ಮೆ ವೈದ್ಯರ ಬಳಿಗೆ ಕರೆದೊಯ್ಯುವುದನ್ನು ಓದುವಾಗ ಈ ಅಂಕಿಗಳು ಕಣ್ಣ ಮುಂದಿರಬೇಕು. ಅಲ್ಲಿಯ ವೈದ್ಯ ಪಿಸುಗುಟ್ಟುವ ಮಾತು ಯಂತ್ರದ ಇನ್ನೊಂದು ಬಿರುಕು: ಕಮಾಂಡರುಗಳಲ್ಲಿ ಬಹಳ ಮಂದಿಗೆ ಮಕ್ಕಳಾಗುವ ಶಕ್ತಿಯೇ ಇಲ್ಲ. ಆದರೆ ಗಂಡಸು ಬಂಜೆ ಎಂಬ ಮಾತು ಕಾನೂನಿನ ಪ್ರಕಾರ ಆ ದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲ. ತಪ್ಪು ರಿಜಿಸ್ಟರಿನಲ್ಲಿ ಯಾವಾಗಲೂ ಹೆಣ್ಣಿನ ಕಾಲಂನಲ್ಲಿಯೇ ಬೀಳುತ್ತದೆ.

ರಿಜಿಸ್ಟರ್ ಎಂದೊಡನೆ ಎಲ್ಲವೂ ಕೆಟ್ಟದ್ದೆಂದು ಹೇಳುತ್ತಿಲ್ಲ. 1937ರಲ್ಲಿ ಕ್ಯಾಥರಿನ್ ಬರ್ಡೆಕಿನ್ ಗಂಡು ಹೆಸರಿನಲ್ಲಿ ಪ್ರಕಟಿಸಿದ ‘ಸ್ವಸ್ತಿಕ ನೈಟ್’ ಎಂಬ ಕಾದಂಬರಿ ಇದೆ, ಆರ್ವೆಲ್ಲರ ‘1984’ಕ್ಕಿಂತ 12 ವರ್ಷ ಹಿಂದಿನದು. ನಾಜಿಗಳು ನೂರಾರು ವರ್ಷ ಆಳಿದ ಲೋಕ ಅದು; ಹೆಂಗಸರ ತಲೆ ಬೋಳಿಸಿ ಬೇಲಿ ಹಾಕಿದ ಕೇರಿಯಲ್ಲಿ ಕೂಡಿಟ್ಟಿದ್ದಾರೆ. ಅಲ್ಲಿ ಆಳುವವರು ಗುಟ್ಟಾಗಿಟ್ಟಿರುವ ಭಯ ಏನೆಂದರೆ ಹೆಣ್ಣು ಮಕ್ಕಳು ಹುಟ್ಟುವುದೇ ಕಡಿಮೆಯಾಗುತ್ತಿದೆ. ನಮ್ಮಲ್ಲಿ ಇದಕ್ಕೆ ಯಾವ ಹಿಟ್ಲರ್ ಕೂಡ ಬೇಕಾಗಲಿಲ್ಲ. 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ನೋಡುತ್ತಿದ್ದ ಸ್ಕ್ಯಾನಿಂಗ್ ಯಂತ್ರ ಪತ್ತೆಯಾದದ್ದು ಎಲ್ಲರಿಗೂ ನೆನಪಿರಬೇಕು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯೂ ಪ್ರತಿ ಬಸುರಿಯ ಸ್ಕ್ಯಾನಿಗೆ ‘ಎಫ್’ ನಮೂನೆ ತುಂಬಿಸುತ್ತದೆ, ರಿಜಿಸ್ಟರ್ ಇಡಿಸುತ್ತದೆ. ರುಮೇನಿಯದ ಪುಸ್ತಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಉತ್ತರ ಕೊಡಬೇಕಾದವಳು ಹೆಂಗಸು, ಇಲ್ಲಿ ಯಂತ್ರದ ಒಡೆಯ ಮತ್ತು ವೈದ್ಯ. ಹೆಣ್ಣು ಈ ಪರೀಕ್ಷೆಗೆ ಒಳಗಾದರೆ, ಬೇರೆ ಪುರಾವೆ ಇಲ್ಲದ ಹೊರತು, ಗಂಡನೋ ಸಂಬಂಧಿಕರೋ ಬಲವಂತ ಮಾಡಿದ್ದಾರೆ ಎಂದೇ ನ್ಯಾಯಾಲಯ ಭಾವಿಸಬೇಕೆಂದು 24ನೇ ಕಲಂ ಹೇಳುತ್ತದೆ. ಹೀಗಾಗಿ ಕಾದಂಬರಿಯಲ್ಲಾಗಲಿ ಕಾಯ್ದೆಯಲ್ಲಾಗಲಿ ಮೊದಲು ಕೇಳಬೇಕಾದ ಪ್ರಶ್ನೆ: ನಮೂನೆ ತುಂಬದಿದ್ದರೆ ಸಿಕ್ಕಿಹಾಕಿಕೊಳ್ಳುವವರು ಯಾರು?

ಹೆಣ್ಣೇ ಹೆಣ್ಣಿಗೆ ಕಾವಲು ಎಂಬುದು ಇನ್ನೊಂದು ಸಂಗತಿ. ಕೆಂಪು ಬಟ್ಟೆಯವರು ಪೇಟೆಗೆ ಹೋಗುವುದು ಜೋಡಿಯಾಗಿ; ಒಬ್ಬಳು ಓಡಿದರೆ ಇನ್ನೊಬ್ಬಳು ಹೊಣೆ. ತರಬೇತಿ ಕೇಂದ್ರದಲ್ಲಿ ಇವರನ್ನು ಪಳಗಿಸುವ ‘ಆಂಟ್’ ಎಂಬ ಹೆಂಗಸರ ಕೈಯಲ್ಲಿ ದನ ಅಟ್ಟುವ ಕರೆಂಟು ಕೋಲು ಇದೆ, ಬಂದೂಕು ಮಾತ್ರ ಕೊಟ್ಟಿಲ್ಲ. ನೀಲಿಯುಡುಗೆಯ ಹೆಂಡತಿಯರಿಗೆ ಮನೆಯ ಯಜಮಾನಿಕೆ, ಹಸಿರುಡುಗೆಯ ಮಾರ್ತಾಗಳಿಗೆ ಅಡುಗೆಮನೆ, ಬಡ ಗಂಡಸರ ಹೆಂಡತಿಯರಿಗೆ ಪಟ್ಟೆ ಬಟ್ಟೆ. ಒಬ್ಬೊಬ್ಬಳಿಗೂ ಇನ್ನೊಬ್ಬಳಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಸಿಗುತ್ತದೆ, ಅದನ್ನು ಕಳೆದುಕೊಳ್ಳುವ ಭಯವೇ ಕಾವಲು ಕಾಯುತ್ತದೆ. ಈ ಮೆಟ್ಟಿಲುಗಳು ನಮಗೆ ಹೊಸದೇನಲ್ಲ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಜಾತಿಯ ಬಗ್ಗೆ ಮಂಡಿಸಿದ ಪ್ರಬಂಧವನ್ನು ಈ ಕಾದಂಬರಿಯ ಜೊತೆಗಿಟ್ಟು ಓದಬೇಕು. ಜಾತಿಯೊಳಗೇ ಮದುವೆ ಎಂಬ ಕಟ್ಟು ಉಳಿಯಬೇಕಾದರೆ ಹೆಣ್ಣು ಗಂಡಿನ ಲೆಕ್ಕ ಸರಿಹೊಂದಬೇಕು. ಗಂಡ ಸತ್ತರೆ ಹೆಂಗಸು ಲೆಕ್ಕಕ್ಕಿಂತ ‘ಹೆಚ್ಚಾಗಿ’ ಉಳಿಯುತ್ತಾಳೆ. ಅವಳನ್ನು ಚಿತೆಗೆ ಹಾಕಬೇಕು, ಇಲ್ಲವೇ ತಲೆ ಬೋಳಿಸಿ ಮೂಲೆಗೆ ಕೂರಿಸಬೇಕು. ಹೆಂಡತಿ ಸತ್ತ ಗಂಡಸು ಹೆಚ್ಚಾಗಿ ಉಳಿದರೆ ಅವನನ್ನು ಸುಡುವಂತಿಲ್ಲ, ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದು ಕಟ್ಟಬೇಕು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರನ್ನೂ ಅವರು ಹೀಗೆ ಒಂದೇ ಲೆಕ್ಕದ ಮೂರು ಪರಿಹಾರಗಳೆಂದು ಬಿಡಿಸಿಟ್ಟಾಗ ವಯಸ್ಸು 25. ನಿಯಂತ್ರಣದ ಯಂತ್ರವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಿಚ್ಚಿ ತೋರಿಸಿದ ಬರಹ ಡಿಸ್ಟೋಪಿಯನ್ ಸಾಹಿತ್ಯದಲ್ಲಿಯೂ ಅಪರೂಪ.

ಆಂಟ್ ಲಿಡಿಯಾ ಸ್ವಾತಂತ್ರ್ಯವನ್ನು ಎರಡು ಮಾಡುತ್ತಾಳೆ: ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯ, ಕೇಡಿನಿಂದ ಪಾರಾಗಿರುವ ಸ್ವಾತಂತ್ರ್ಯ. ಮೊದಲನೆಯದನ್ನು ಕಿತ್ತುಕೊಂಡಿದ್ದೇವೆ, ಎರಡನೆಯದನ್ನು ಕೊಟ್ಟಿದ್ದೇವೆ, ಕಡೆಗಣಿಸಬೇಡಿ ಎನ್ನುತ್ತಾಳೆ. ಈ ಮಾತಿಗೆ ನಮ್ಮಲ್ಲಿ ದೊಡ್ಡ ಮಾರುಕಟ್ಟೆ ಇದೆ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಹೆಂಗಸರ ಕೆಲಸವನ್ನು ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಕಟ್ಟಿಹಾಕಿತ್ತು. ಉದ್ದೇಶ ರಕ್ಷಣೆಯೇ, ಆಗ ಅದಕ್ಕೆ ಕಾರಣವೂ ಇತ್ತು. ಆದರೆ ಬಸ್ಸು, ದೀಪ, ಶೌಚಾಲಯ ಒದಗಿಸುವ ಖರ್ಚು ಮಾಲೀಕನ ತಲೆಯಿಂದ ಇಳಿಯಿತು, ರಾತ್ರಿ ಪಾಳಿಯ ಕೂಲಿ ಹೆಂಗಸಿನ ಕೈತಪ್ಪಿತು. ಹಾಸ್ಟೆಲ್ಲಿನ ಗೇಟು ಹುಡುಗಿಯರಿಗೆ ಮಾತ್ರ ಬೇಗ ಮುಚ್ಚುವುದೂ ಇದೇ ಲೆಕ್ಕ. ಭಯ ಹುಟ್ಟಿಸುವವನು ಹೊರಗೆ ಓಡಾಡಿಕೊಂಡಿರುತ್ತಾನೆ, ಭಯಪಡುವವಳು ಸಹಿ ಹಾಕಿ ಒಳಗೆ ಬರುತ್ತಾಳೆ. ಆಂಟ್ ಲಿಡಿಯಾಳ ಮಾತನ್ನು ತರಗತಿಯಲ್ಲಿ ಓದಿಸಿದರೆ ಹುಡುಗಿಯರು ನಗುವುದಿಲ್ಲ, ಗೇಟಿನ ರಿಜಿಸ್ಟರಿನ ಮಾತು ತೆಗೆಯುತ್ತಾರೆ.

ಕೊನೆಯದಾಗಿ ಪುಸ್ತಕದ ಬಾಲದಲ್ಲಿರುವ ‘ಚಾರಿತ್ರಿಕ ಟಿಪ್ಪಣಿ’ಗಳ ಬಗ್ಗೆ ಒಂದು ಕೋರಿಕೆ. ಪಾಠ ಮುಗಿಸುವ ಅವಸರದಲ್ಲಿ, ಓದುಗರ ಬಳಗಗಳಲ್ಲಿಯೂ, ಇದನ್ನು ಅನುಬಂಧವೆಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಇಸವಿ 2195. ಗಿಲಿಯಡ್ ಅಳಿದು ಎಷ್ಟೋ ಕಾಲವಾಗಿದೆ. ವಿದ್ವತ್ ಸಮ್ಮೇಳನವೊಂದರಲ್ಲಿ ಪ್ರೊಫೆಸರ್ ಪಿಯಿಕ್ಸೊಟೊ ಭಾಷಣ ಮಾಡುತ್ತಿದ್ದಾನೆ. ನಾವು ಅಷ್ಟೂ ಹೊತ್ತು ಓದಿದ್ದು ಸುಮಾರು 30 ಕ್ಯಾಸೆಟ್ಟುಗಳಲ್ಲಿ ಸಿಕ್ಕ ಧ್ವನಿಮುದ್ರಣ ಎಂದು ಆಗ ತಿಳಿಯುತ್ತದೆ. ಅದನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಅವನೂ ಅವನ ಜೊತೆಗಾರನೂ ತೀರ್ಮಾನಿಸಿದ್ದಾರೆ. ಗಿಲಿಯಡ್ಡನ್ನು ಖಂಡಿಸುವ ಆತುರ ಬೇಡ ಎಂದು ಅವನು ಸಭೆಗೆ ಬುದ್ಧಿ ಹೇಳುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ. ವಿದ್ಯಾರ್ಥಿಗಳಿಗೆ ಪೆನ್ಸಿಲ್ ಕೊಟ್ಟು ಒಂದು ಕೆಲಸ ಹೇಳಿ: ಫ್ರೆಡ್ ಯಾರಾಗಿದ್ದಿರಬಹುದು, ವಾಟರ್‌ಫರ್ಡನೋ ಜಡ್ಡನೋ ಎಂಬ ಪತ್ತೇದಾರಿಗೆ ಈ ಪ್ರೊಫೆಸರ್ ಎಷ್ಟು ಪ್ಯಾರಾ ಕೊಡುತ್ತಾನೆ, ಮಾತಾಡಿದವಳಿಗೆ ಎಷ್ಟು ಕೊಡುತ್ತಾನೆ ಎಂದು ಅಂಚಿನಲ್ಲಿ ಗುರುತು ಹಾಕುತ್ತ ಹೋಗಲಿ. ಕಮಾಂಡರನ ಖಾಸಗಿ ಕಂಪ್ಯೂಟರಿನಿಂದ 20 ಪುಟ ಸಿಕ್ಕಿದ್ದರೂ ಸಾಕಿತ್ತು ಎಂದು ಅವನು ಹಲುಬುವ ಜಾಗಕ್ಕೆ ಬಂದಾಗ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ. ಅವಳ ನಿಜವಾದ ಹೆಸರು ಅವನ ಭಾಷಣದಲ್ಲಿಯೂ ಬರುವುದಿಲ್ಲ.

ಇಂತಿ,
ಸಾಹಿತ್ಯದ ಅಧ್ಯಾಪಕರೊಬ್ಬರು
ಧಾರವಾಡ